ಆಪರೇಷನ್ನಿಗೆ ಮುಂಚೆ ಒಂದು ನೋಟ್‌ಬುಕ್: ಹಾಸನದ ಕಡೆಯವರಿಗೆ ಆಸ್ಪತ್ರೆ ಖರ್ಚು ಹೋಲಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಆಲೂಗಡ್ಡೆ ಮಾರುವಾಗ ನಾಲ್ಕು ಮಂಡಿ ಸುತ್ತುತ್ತೇವೆ. ಮಂಡಿ ಆಪರೇಷನ್ನಿಗೆ ಮಾತ್ರ ಯಾರೋ ನೆಂಟರು ಹೇಳಿದ ಒಂದೇ ಆಸ್ಪತ್ರೆಗೆ ಹೋಗಿ, ಅವರು ಹೇಳಿದ ದುಡ್ಡಿಗೆ ತಲೆಯಾಡಿಸಿ ಬರುತ್ತೇವೆ.

ನನ್ನ ಜೆರಾಕ್ಸ್ ಅಂಗಡಿ ಇರುವುದು ಹಾಸನದಲ್ಲಿ, ಆಸ್ಪತ್ರೆಗಳ ನಡುವೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ರೇಷನ್ ಕಾರ್ಡು, ಆಧಾರ್, ಸ್ಕ್ಯಾನಿಂಗ್ ರಿಪೋರ್ಟು ಹಿಡಿದವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅರಕಲಗೂಡು, ಆಲೂರು, ಬೇಲೂರು, ಹೊಳೆನರಸೀಪುರ, ಎಲ್ಲ ಕಡೆಯವರು. ಜೆರಾಕ್ಸ್ ಮಾಡುತ್ತಾ ಕಣ್ಣಿಗೆ ಬೀಳುವ ಎಸ್ಟಿಮೇಟ್ ಚೀಟಿಗಳು ಎಷ್ಟೋ. "ಅಕ್ಕಾ, ಇದು ಜಾಸ್ತಿ ಆಯ್ತಾ?" ಎಂದು ಕೇಳುವವರೂ ದಿನಕ್ಕೆ ಒಬ್ಬರಾದರೂ ಇದ್ದಾರೆ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಆದರೆ ನಮ್ಮವ್ವನ ಪಿತ್ತಕೋಶದ ಕಲ್ಲಿನ ಆಪರೇಷನ್ನಿನಲ್ಲಿ ಕೈ ಸುಟ್ಟುಕೊಂಡ ಮೇಲೆ ಈ ಲೆಕ್ಕವನ್ನು ಕಲಿತಿದ್ದೇನೆ. ಜಾಸ್ತಿಯೋ ಕಮ್ಮಿಯೋ ಎಂದು ಕೇಳಿದವರಿಗೆ ನಾನು ಮೊದಲು ತಿರುಗಿಸಿ ಕೇಳುವುದು ಒಂದೇ ಮಾತು: "ಇದರಲ್ಲಿ ಏನೇನು ಸೇರಿದೆ?" ಇದಕ್ಕೆ ಉತ್ತರ ಸಿಗುವ ತನಕ ಆ ಚೀಟಿಯ ಮೇಲಿರುವುದು ದರವೇ ಅಲ್ಲ.

ಮೊದಲು: ಯಾವಾಗ ಹೋಲಿಸಬಾರದು

ಎದೆನೋವು, ಲಕ್ವ, ಅಪಘಾತ, ಹಾವು ಕಡಿತ, ಹೆರಿಗೆಯಲ್ಲಿ ತೊಡಕು. ಇವುಗಳಲ್ಲಿ ಯಾವುದಾದರೂ ಆದರೆ ಈ ಬರಹವನ್ನು ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಅಡ್ವಾನ್ಸ್ ಕಟ್ಟಿದರೇ ಚಿಕಿತ್ಸೆ ಎಂದು ಖಾಸಗಿ ಆಸ್ಪತ್ರೆ ಪಟ್ಟು ಹಿಡಿಯುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹಾಗೆ ಹೇಳುತ್ತದೆ. ಹೃದಯಾಘಾತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುತ್ತಾರೆ. "ಸೀದಾ ಬೆಂಗಳೂರಿಗೇ ಹೋಗೋಣ" ಎಂದು ಕಾರು ಹತ್ತಿಸಿ ದಾರಿಯಲ್ಲೇ ಜೀವ ಕಳೆದುಕೊಂಡವರ ಕಥೆ ನಮ್ಮ ಕಡೆ ಪ್ರತಿ ಊರಿನಲ್ಲೂ ಒಂದಿದೆ.

ಹೋಲಿಕೆ ಇರುವುದು ಕಾಯಬಹುದಾದ ಕಾಯಿಲೆಗಳಿಗೆ: ಕಣ್ಣಿನ ಪೊರೆ, ಹರ್ನಿಯಾ, ಪಿತ್ತಕೋಶದ ಕಲ್ಲು, ಕಿಡ್ನಿ ಕಲ್ಲು, ಗರ್ಭಕೋಶದ ಗಡ್ಡೆ, ಮಂಡಿ ಬದಲಾವಣೆ. "ಇದನ್ನು ಎಷ್ಟು ದಿನ ತಡೆಯಬಹುದು ಡಾಕ್ಟ್ರೇ?" ಎಂದು ಬಾಯಿಬಿಟ್ಟು ಕೇಳಿ. ಎರಡು ವಾರ ಎಂದರೆ ಎರಡು ವಾರ, ಕಾಫಿ ಕೊಯ್ಲು ಮುಗಿಯಲಿ ಎಂದರೆ ಅದೂ ಸರಿ. ನಿಮ್ಮ ಕೈಯಲ್ಲಿ ಎಷ್ಟು ಕಾಲಾವಕಾಶ ಇದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಹೆಜ್ಜೆ 1: ಆಪರೇಷನ್ನಿನ ಪೂರ್ತಿ ಹೆಸರು ಬರೆಸಿಕೊಳ್ಳಿ

ನಮ್ಮ ಚಿಕ್ಕಪ್ಪನಿಗೆ ಕಿಡ್ನಿ ಕಲ್ಲು. ಒಂದು ಕಡೆ ನಲವತ್ತು ಸಾವಿರ, ಇನ್ನೊಂದು ಕಡೆ ಎಂಬತ್ತೈದು ಸಾವಿರ ಅಂದರು. "ಎರಡನೆಯವರು ಕೊಳ್ಳೆ ಹೊಡೀತಾರೆ" ಎಂದು ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ಬಂದರು. ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿದರೆ ಮೊದಲನೆಯದರಲ್ಲಿ 'ಯುಆರ್‌ಎಸ್', ಎರಡನೆಯದರಲ್ಲಿ 'ಆರ್‌ಐಆರ್‌ಎಸ್' ಎಂದಿತ್ತು. ಮೊದಲನೆಯದು ಮೂತ್ರನಾಳಕ್ಕೆ ಇಳಿದ ಕಲ್ಲಿಗೆ ಮಾಡುವುದು. ಎರಡನೆಯದು ಬಾಗುವ ದುರ್ಬೀನನ್ನು ಕಿಡ್ನಿಯ ಒಳಗೇ ಕಳಿಸಿ ಲೇಸರ್‌ನಿಂದ ಪುಡಿ ಮಾಡುವುದು. ಕಲ್ಲು ದೊಡ್ಡದಿದ್ದರೆ, ಎರಡು ಸೆಂಟಿಮೀಟರ್ ದಾಟಿದ್ದರೆ, ಬೆನ್ನಿನಿಂದ ತೂತು ಮಾಡುವ 'ಪಿಸಿಎನ್‌ಎಲ್' ಬೇರೆಯೇ. ಮೂರಕ್ಕೂ ನಾವು ಹೇಳುವುದು 'ಕಿಡ್ನಿ ಕಲ್ಲಿನ ಆಪರೇಷನ್' ಅಂತಲೇ. ಚಿಕ್ಕಪ್ಪನ ಕಲ್ಲು ಎಲ್ಲಿದೆ ಎಂಬುದರ ಮೇಲೇ ಎರಡು ಕಡೆಯವರಿಗೂ ಒಮ್ಮತವಿರಲಿಲ್ಲ, ಏಕೆಂದರೆ ಒಬ್ಬರು ನೋಡಿದ್ದು ಹಳೇ ಸ್ಕ್ಯಾನಿಂಗ್. ಹೊಸ ಸಿಟಿ ಸ್ಕ್ಯಾನ್ ಆದ ಮೇಲೆ ಇಬ್ಬರೂ ಒಂದೇ ಹೆಸರು ಹೇಳಿದರು, ದರಗಳ ಅಂತರವೂ ಎಂಟು ಸಾವಿರಕ್ಕೆ ಇಳಿಯಿತು.

ಇನ್ನೊಂದು ಗೊಂದಲ 'ಲೇಸರ್' ಎಂಬ ಮಾತಿನದು. ಹೊಟ್ಟೆಗೆ ಮೂರ್ನಾಲ್ಕು ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪ್ರೋಸ್ಕೋಪಿಗೂ ನಮ್ಮಲ್ಲಿ 'ಲೇಸರ್ ಆಪರೇಷನ್' ಎನ್ನುತ್ತಾರೆ. ಅದರಲ್ಲಿ ಲೇಸರ್ ಇರುವುದಿಲ್ಲ. ಹಾಗಾಗಿ ಡಾಕ್ಟರ ಕೈಯಲ್ಲಿ ಇಷ್ಟನ್ನು ಬರೆಸಿಕೊಳ್ಳಿ: ಆಪರೇಷನ್ನಿನ ಹೆಸರು, ಕೊಯ್ದು ಮಾಡುವುದೋ ಲ್ಯಾಪ್ರೋಸ್ಕೋಪಿಯೋ, ಎಡಗಡೆಯೋ ಬಲಗಡೆಯೋ ಎರಡೂ ಕಡೆಯೋ, ಒಳಗೆ ಏನಾದರೂ ಇಂಪ್ಲಾಂಟ್ ಇಡುತ್ತಾರೋ (ಜಾಲರಿ, ಲೆನ್ಸ್, ಸ್ಟೆಂಟ್, ಕೃತಕ ಕೀಲು), ಅರಿವಳಿಕೆ ಯಾವುದು, ಎಷ್ಟು ದಿನ ಅಡ್ಮಿಷನ್. ಸಕ್ಕರೆ ಕಾಯಿಲೆ, ಬಿಪಿ, ಆಸ್ತಮಾ ಇದ್ದರೆ ಮೊದಲೇ ಹೇಳಿ. ಮುಚ್ಚಿಟ್ಟರೆ ಎಸ್ಟಿಮೇಟ್ ಕಡಿಮೆ ಬರುತ್ತದೆ, ಬಿಲ್ ಕಡಿಮೆ ಬರುವುದಿಲ್ಲ.

ಹೆಜ್ಜೆ 2: ದರ ಕೇಳುವ ಮುಂಚೆ ಮನೆಯ ಕಾರ್ಡುಗಳನ್ನು ಹರವಿ ನೋಡಿ

ಬಹಳ ಜನ ತಪ್ಪುವುದು ಇಲ್ಲಿ. ಖಾಸಗಿಯಲ್ಲಿ ಅಡ್ವಾನ್ಸ್ ಕಟ್ಟಿ ಅಡ್ಮಿಟ್ ಆಗಿ, ಆಪರೇಷನ್ ಮುಗಿದು, ಆಮೇಲೆ ಬಿಪಿಎಲ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಬರುತ್ತಾರೆ. ಆ ಹೊತ್ತಿಗೆ ಯಾರಿಂದಲೂ ಹೆಚ್ಚೇನೂ ಮಾಡಲಾಗುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಪ್ಯಾಕೇಜ್ ದರದ ಶೇ. 30 ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಎಪಿಎಲ್‌ನವರು "ನಮಗೇನೂ ಸಿಗಲ್ಲ" ಎಂದು ಕಾರ್ಡನ್ನು ತೆಗೆಯುವುದೇ ಇಲ್ಲ. ಸಿಗುವುದು ಶೇ. 30 ಮಾತ್ರ ಎನಿಸಬಹುದು, ಆದರೆ ಉಳಿದ ಶೇ. 70ನ್ನು ನೀವು ಕಟ್ಟುವುದು ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆಯ ಸ್ವಂತ ದರದ ಮೇಲೆ ಅಲ್ಲ. ಲಾಭ ಇರುವುದು ಹೆಚ್ಚಾಗಿ ಅಲ್ಲಿ.

ಆದರೆ ದಾರಿ ಸರ್ಕಾರಿ ಆಸ್ಪತ್ರೆಯ ಮೂಲಕವೇ ಹೋಗಬೇಕು. ತಾಲ್ಲೂಕು ಆಸ್ಪತ್ರೆಗೋ ದೊಡ್ಡಾಸ್ಪತ್ರೆಗೋ ಮೊದಲು ಹೋಗಿ, ಅಲ್ಲಿ ಆ ಚಿಕಿತ್ಸೆ ಇದ್ದರೆ ಅಲ್ಲೇ. ಇಲ್ಲದಿದ್ದರೆ ಅವರು ರೆಫರಲ್ ಬರೆದುಕೊಡುತ್ತಾರೆ, ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗೆ ರೆಫರಲ್ ಬೇಡ. ನೋಂದಾಯಿತ ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ' ಎಂಬ ಟೇಬಲ್ ಇರುತ್ತದೆ. ಬಿಲ್ಲಿಂಗ್ ಕೌಂಟರಿಗೆ ಹೋಗುವ ಮುಂಚೆ ಅಲ್ಲಿಗೆ ಹೋಗಿ. ಮಾಹಿತಿಗೆ 104 ಅಥವಾ 14555ಕ್ಕೆ ಫೋನ್ ಮಾಡಬಹುದು. ಬಿಪಿಎಲ್ ರೋಗಿಯ ಪ್ಯಾಕೇಜಿನಲ್ಲಿ ಔಷಧ, ಪರೀಕ್ಷೆ, ಬೆಡ್ ಎಲ್ಲ ಸೇರಿರುತ್ತದೆ. ಅದರ ಮೇಲೆ "ಇಂಪ್ಲಾಂಟಿಗೆ ಸ್ವಲ್ಪ ಕೊಡಿ" ಎಂದು ಕೇಳಿದರೆ ರಸೀದಿ ಕೇಳಿ. ರಸೀದಿ ಎಂದ ಕೂಡಲೇ ಎಷ್ಟೋ ಬೇಡಿಕೆಗಳು ಅಲ್ಲೇ ಕರಗುತ್ತವೆ.

ಯಶಸ್ವಿನಿ ಎಂಬ ಆರೋಗ್ಯ ಯೋಜನೆ ಇರುವುದು ಸಹಕಾರ ಸಂಘಗಳ ಸದಸ್ಯರಿಗೆ. 2018ರಲ್ಲಿ ನಿಂತುಹೋಗಿದ್ದದ್ದು 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಊರಿನ ಹಾಲಿನ ಡೈರಿಯಲ್ಲೋ ಸೊಸೈಟಿಯಲ್ಲೋ ಸದಸ್ಯರಾಗಿದ್ದರೆ ಸಾಕು. ಮರುಜಾರಿಯಾದಾಗ ಗ್ರಾಮೀಣ ಕುಟುಂಬಕ್ಕೆ ನಾಲ್ಕು ಜನರವರೆಗೆ 500 ರೂಪಾಯಿ ಎಂದು ನಿಗದಿ ಮಾಡಿದ್ದರು. ವರ್ಷಕ್ಕೊಮ್ಮೆ ನೋಂದಣಿಯ ಅವಧಿ ಬರುತ್ತದೆ, ಅದು ತಪ್ಪಿದರೆ ಮುಂದಿನ ವರ್ಷವೇ. ಡೈರಿ ಕಾರ್ಯದರ್ಶಿ ಹೇಳಲಿ ಎಂದು ಕಾಯಬೇಡಿ, ನೀವೇ ಕೇಳಿ.

ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡನ್ನು ಮರೆತೇಬಿಡುತ್ತಾರೆ. ತಿಂಗಳ ಸಂಬಳದಲ್ಲಿ ಹಿಡಿಯುವ ದುಡ್ಡು ಗೊತ್ತು. ಅದರಿಂದ ಅಪ್ಪ ಅಮ್ಮನಿಗೂ ಚಿಕಿತ್ಸೆ ಸಿಗಬಹುದು ಎಂಬುದು ಗೊತ್ತಿಲ್ಲ. ಸರ್ಕಾರಿ ನೌಕರರಿಗೆ ಅವರದೇ ಯೋಜನೆ ಇದೆ, ಅವರಿಗೆ ಹೇಳಿಕೊಡುವವರೂ ಕಚೇರಿಯಲ್ಲೇ ಇರುತ್ತಾರೆ.

ಹೆಜ್ಜೆ 3: ಒಂದೇ ಪ್ರಶ್ನೆಪತ್ರಿಕೆ, ಎಲ್ಲ ಆಸ್ಪತ್ರೆಗೂ

ನಮ್ಮವ್ವನ ಕಥೆ ಹೇಳುತ್ತೇನೆ. ಪಿತ್ತಕೋಶ ತೆಗೆಯಬೇಕು, ಲ್ಯಾಪ್ರೋಸ್ಕೋಪಿ. ಒಂದು ಆಸ್ಪತ್ರೆಯವರು ಪ್ರಿಸ್ಕ್ರಿಪ್ಷನ್ ಹಾಳೆಯ ಹಿಂದೆ '45,000 ಪ್ಯಾಕೇಜ್' ಎಂದು ಬರೆದು ಕೊಟ್ಟರು. ಇನ್ನೊಂದು ಕಡೆ 62,000 ಎಂದರು. ಹದಿನೇಳು ಸಾವಿರ ಉಳಿಯಿತು ಎಂದು ಖುಷಿಯಿಂದ ಮೊದಲನೆಯದಕ್ಕೇ ಹೋದೆವು. ಡಿಸ್ಚಾರ್ಜ್ ದಿನ ಬಂದ ಬಿಲ್ ಇನ್ನೂ ನನ್ನ ಫೈಲಿನಲ್ಲಿದೆ: ಪ್ಯಾಕೇಜ್ 45,000. ಫಾರ್ಮಸಿ 9,850. ಅರಿವಳಿಕೆ ಡಾಕ್ಟರ ಶುಲ್ಕ 5,000. ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆ, ಇಸಿಜಿ, ಎಕೋ ಸೇರಿ 3,900. ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸಿದ್ದಕ್ಕೆ 1,200. ಅವ್ವನಿಗೆ ಜ್ವರ ಬಂದು ಒಂದು ದಿನ ಹೆಚ್ಚಿಗೆ ಇದ್ದದ್ದಕ್ಕೆ 3,450. ಒಟ್ಟು 68,400.

ಕೌಂಟರಿನ ಹುಡುಗಿಗೆ ನಾನು ಜೋರು ಮಾಡಿದೆ. ಅವಳು ಪಾಪ, "ಅದು ಪ್ಯಾಕೇಜಲ್ಲಿ ಬರಲ್ಲ ಮೇಡಂ, ನೀವು ಕೇಳ್ಲಿಲ್ವಲ್ಲ" ಎಂದಳು. ನಿಜ, ನಾನು ಕೇಳಿರಲಿಲ್ಲ. ಆಮೇಲೆ ನಮ್ಮ ಬೀದಿಯವರೊಬ್ಬರು ಆ 62,000ದ ಆಸ್ಪತ್ರೆಯಲ್ಲಿ ಅದೇ ಆಪರೇಷನ್ ಮಾಡಿಸಿಕೊಂಡರು. ಅವರಿಗೆ ಮೇಲೆ ಬಿದ್ದದ್ದು ಬಯಾಪ್ಸಿಯ 1,200 ಮಾತ್ರ. ಅಗ್ಗ ಎಂದು ಹೋದವರು ನಾವು, ಐದು ಸಾವಿರ ಹೆಚ್ಚು ಕೊಟ್ಟು ಬಂದವರೂ ನಾವೇ.

ಅಂದಿನಿಂದ ನಾನು ಕೇಳಿದವರಿಗೆಲ್ಲ ಹೇಳುವುದು: ನೋಟ್‌ಬುಕ್ಕಿನಲ್ಲಿ ಒಂದು ಹಾಳೆಗೆ ಉದ್ದುದ್ದ ಗೆರೆ ಹಾಕಿ, ಒಂದೊಂದು ಆಸ್ಪತ್ರೆಗೆ ಒಂದೊಂದು ಕಾಲಂ. ಎಡಗಡೆ ಈ ಸಾಲುಗಳು, ಎಲ್ಲರಿಗೂ ಒಂದೇ:

- ಸರ್ಜನ್ ಶುಲ್ಕ, ಸಹಾಯಕ ಸರ್ಜನ್ ಶುಲ್ಕ, ಅರಿವಳಿಕೆ ಡಾಕ್ಟರ ಶುಲ್ಕ
- ಓಟಿ (ಆಪರೇಷನ್ ಥಿಯೇಟರ್) ಬಾಡಿಗೆ ಮತ್ತು ಓಟಿಯ ಒಳಗೆ ಬಳಸುವ ಸಾಮಾನು
- ರೂಮು ಯಾವುದು, ದಿನಕ್ಕೆ ಎಷ್ಟು, ಎಷ್ಟು ದಿನ ಲೆಕ್ಕ ಹಿಡಿದಿದ್ದಾರೆ, ಒಂದು ದಿನ ಹೆಚ್ಚಾದರೆ ಎಷ್ಟು
- ಔಷಧ ಪ್ಯಾಕೇಜಿನ ಒಳಗೋ ಹೊರಗೋ; ಹೊರಗಾದರೆ ಸುಮಾರು ಎಷ್ಟು ಬರುತ್ತದೆ
- ಆಪರೇಷನ್ನಿಗೆ ಮುಂಚಿನ ಪರೀಕ್ಷೆಗಳು. ಹೊರಗೆ ಮಾಡಿಸಿದ ರಿಪೋರ್ಟ್ ಒಪ್ಪುತ್ತಾರೋ
- ಒಳಗೆ ಇಡುವ ವಸ್ತುವಿನ ಕಂಪನಿ, ಮಾಡೆಲ್, ದರ
- ಐಸಿಯು ಬೇಕಾದರೆ ದಿನಕ್ಕೆ ಎಷ್ಟು. ರಕ್ತ ಬೇಕಾದರೆ ಎಷ್ಟು
- ಬಯಾಪ್ಸಿ
- ಹೊಲಿಗೆ ಬಿಚ್ಚುವುದು, ಡ್ರೆಸ್ಸಿಂಗ್, ಮೊದಲ ತಿಂಗಳ ಮರುಭೇಟಿಗಳು
- ಕ್ಯಾಮೆರಾದಲ್ಲಿ ಆಗದೆ ಕೊಯ್ಯಬೇಕಾಗಿ ಬಂದರೆ ದರ ಎಷ್ಟಾಗುತ್ತದೆ

ಕೊನೆಯದನ್ನು ಕೇಳಲು ಜನ ಹೆದರುತ್ತಾರೆ, ಅಪಶಕುನ ನುಡಿದಂತೆ. ಲ್ಯಾಪ್ರೋಸ್ಕೋಪಿ ಶುರು ಮಾಡಿ, ಒಳಗೆ ಅಂಟಿಕೊಂಡಿದ್ದರೆ ಕೊಯ್ಯುವುದು ಡಾಕ್ಟರ ತಪ್ಪಲ್ಲ, ಅದೇ ಸುರಕ್ಷಿತ ದಾರಿ. ಆದರೆ ಆಗ ನಾಲ್ಕೈದು ದಿನ ಹೆಚ್ಚು ಇರಬೇಕು. ಅಷ್ಟಕ್ಕೆ ದುಡ್ಡು ತೆಗೆದಿಟ್ಟಿದ್ದೀರೋ ಎಂಬುದನ್ನು ಮನೆಯಲ್ಲಿ ಮುಂಚೆಯೇ ಮಾತಾಡಬೇಕು.

ಪ್ರಶ್ನೆ ಕೇಳುವಾಗ ಸರ್ಜನ್ ಹತ್ತಿರ ದುಡ್ಡಿನ ಮಾತು ಬೇಡ. ಅವರಿಗೆ ಔಷಧದ ಬಿಲ್ ಎಷ್ಟಾಗುತ್ತದೆ ಎಂದು ಎಷ್ಟೋ ಸಲ ನಿಜವಾಗಿಯೂ ಗೊತ್ತಿರುವುದಿಲ್ಲ. ಬಿಲ್ಲಿಂಗ್ ಕೌಂಟರಿನಲ್ಲಿ, ಅದೂ ಮಧ್ಯಾಹ್ನ ಮೂರರ ಮೇಲೆ, ಹೊರರೋಗಿಗಳ ಗದ್ದಲ ಇಳಿದ ಮೇಲೆ ಹೋಗಿ. "ಹೋದ ತಿಂಗಳು ಇದೇ ಆಪರೇಷನ್ ಆದವರಿಗೆ ಕಡೆಗೆ ಎಷ್ಟು ಬಿಲ್ ಆಯ್ತು ಮೇಡಂ?" ಎಂದು ಕೇಳಿ. ಪ್ಯಾಕೇಜ್ ಎಷ್ಟು ಎಂಬ ಪ್ರಶ್ನೆಗೂ ಇದಕ್ಕೂ ಬರುವ ಉತ್ತರ ಬೇರೆ ಬೇರೆ. ಎಸ್ಟಿಮೇಟನ್ನು ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಸೀಲ್ ಹಾಕಿಸಿಕೊಳ್ಳಿ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಆಸ್ಪತ್ರೆ ತನ್ನ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು. ಗೋಡೆ ನೋಡಿ, ಕಾಣದಿದ್ದರೆ ಕೇಳಿ.

ಹೆಜ್ಜೆ 4: ರೂಮಿನ ದರ ಬರೀ ರೂಮಿನದಲ್ಲ

ಜನರಲ್ ವಾರ್ಡ್, ಇಬ್ಬರು ಇರುವ ರೂಮ್, ಒಬ್ಬರ ರೂಮ್, ಡೀಲಕ್ಸ್. ಎಷ್ಟೋ ಆಸ್ಪತ್ರೆಗಳಲ್ಲಿ ರೂಮು ಮೇಲೇರಿದಂತೆ ಸರ್ಜನ್ ಶುಲ್ಕ, ಓಟಿ ಬಾಡಿಗೆ, ನರ್ಸಿಂಗ್ ಎಲ್ಲ ಮೇಲೇರುತ್ತವೆ. ಅದೇ ಡಾಕ್ಟರು, ಅದೇ ಓಟಿ, ಅದೇ ಕತ್ತರಿ. ದಿನಕ್ಕೆ 5,000 ದಾಟಿದ ರೂಮಿಗೆ 2022ರ ಜುಲೈನಿಂದ ಶೇ. 5 ಜಿಎಸ್‌ಟಿ ಬೇರೆ, ಐಸಿಯು ಬಿಟ್ಟು.

ಇನ್ಶೂರೆನ್ಸ್ ಇದ್ದವರಿಗೆ ಇದು ಇನ್ನೂ ಕೆಟ್ಟ ಪೆಟ್ಟು. ಮೂರು ಲಕ್ಷದ ಪಾಲಿಸಿ, ರೂಮ್ ಮಿತಿ ಪಾಲಿಸಿ ಮೊತ್ತದ ಶೇ. 1 ಎಂದಿಟ್ಟುಕೊಳ್ಳಿ: ದಿನಕ್ಕೆ 3,000. ನೆಂಟರು ಬರುತ್ತಾರೆ ಎಂದು ನೀವು 6,000ದ ರೂಮ್ ಹಿಡಿದಿರಿ, ಮೂರು ದಿನ. ರೂಮಿನ ವ್ಯತ್ಯಾಸ 9,000 ತಾನೇ, ಕೈಯಿಂದ ಕೊಟ್ಟರಾಯಿತು ಅನಿಸುತ್ತದೆ. ಆದರೆ ಕಂಪನಿಯವರು ಸರ್ಜನ್, ಓಟಿ, ನರ್ಸಿಂಗ್ ಶುಲ್ಕವನ್ನೂ ಅದೇ ಪ್ರಮಾಣದಲ್ಲಿ ಕಡಿಯಬಹುದು. ಅವೆಲ್ಲ ಸೇರಿ 60,000 ಆಗಿದ್ದರೆ ಅರ್ಧ, 30,000 ನಿಮ್ಮ ತಲೆಗೆ. ಒಟ್ಟು 39,000. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಹತ್ತುವುದಿಲ್ಲ. ಪಾಲಿಸಿ ಹಾಳೆಯಲ್ಲಿ ರೂಮ್ ಮಿತಿ, ಕೋ-ಪೇ (ಬಿಲ್ಲಿನಲ್ಲಿ ನೀವೇ ಕೊಡಬೇಕಾದ ಪಾಲು), ಕಾಯುವ ಅವಧಿ ಈ ಮೂರನ್ನು ಹುಡುಕಿ. ಪೊರೆ, ಹರ್ನಿಯಾ, ಪಿತ್ತಕೋಶ, ಮಂಡಿ ಮುಂತಾದವಕ್ಕೆ ಸಾಮಾನ್ಯವಾಗಿ ಪಾಲಿಸಿ ತೆಗೆದುಕೊಂಡು ಎರಡು ವರ್ಷ ಆಗಿರಬೇಕು, ಕೆಲವದರಲ್ಲಿ ಮೂರು. ಡಿಸ್ಚಾರ್ಜ್ ಅನುಮತಿಗೆ ದಿನವಿಡೀ ಕಾಯಿಸಿದರೆ, ವಿಮಾ ಪ್ರಾಧಿಕಾರ 2024ರಲ್ಲಿ ಅದಕ್ಕೆ ಮೂರು ಗಂಟೆಯ ಗಡುವು ಹಾಕಿದೆ ಎಂಬುದನ್ನು ನೆನಪಿಸಿ.

ಹೆಜ್ಜೆ 5: ಒಳಗೆ ಇಡುವ ವಸ್ತು

ಹೃದಯದ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ದರ ಕಟ್ಟಿತು. ಔಷಧ ಲೇಪಿತ ಸ್ಟೆಂಟಿಗೆ ಆಗ 29,600. ಅದೇ ವರ್ಷ ಆಗಸ್ಟಿನಲ್ಲಿ ಮಂಡಿಯ ಕೃತಕ ಕೀಲಿಗೂ ಮಿತಿ ಬಂತು: ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720, ವಿಶೇಷ ಲೋಹದ್ದಕ್ಕೆ 76,600. ಆಮೇಲೆ ದರಗಳು ಪರಿಷ್ಕರಣೆಯಾಗಿವೆ, ಆದರೆ ಮಿತಿ ಎಂಬುದು ಇದ್ದೇ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಬ್ರ್ಯಾಂಡ್, ತಯಾರಕರು, ಬ್ಯಾಚ್ ನಂಬರ್ ಮತ್ತು ದರವನ್ನು ಬೇರೆಯಾಗಿ ತೋರಿಸಬೇಕು. ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿಕೊಡಲು ಹೇಳಿ. ಮಿತಿ ಇರುವುದು ಕೀಲಿಗೆ ಮತ್ತು ಸ್ಟೆಂಟಿಗೆ, ಇಡೀ ಆಪರೇಷನ್ನಿಗೆ ಅಲ್ಲ; ಆಸ್ಪತ್ರೆಯಿಂದ ಆಸ್ಪತ್ರೆಗೆ ದರ ಏರುಪೇರಾಗುವುದು ಉಳಿದ ಸಾಲುಗಳಲ್ಲಿ.

ಕಣ್ಣಿನ ಲೆನ್ಸಿನ ಕಥೆ ಬೇರೆ. ಮಡಚದ ಲೆನ್ಸು, ಮಡಚುವ ದೇಶಿ ಲೆನ್ಸು, ಹೊರದೇಶದ್ದು, ದೂರ ಹತ್ತಿರ ಎರಡೂ ಕಾಣುವ ಮಲ್ಟಿಫೋಕಲ್. ದರ ಕೆಲವು ಸಾವಿರದಿಂದ ಲಕ್ಷದ ಹತ್ತಿರದವರೆಗೆ ಹೋಗುತ್ತದೆ. ಹೊಲ, ಹಸು, ಟಿವಿ ನೋಡಿಕೊಂಡು ಇರುವ ಅಜ್ಜಿಗೆ ಓದಲು ಕನ್ನಡಕ ಹಾಕಿಕೊಳ್ಳುವುದು ಕಷ್ಟವಲ್ಲ. ಅಂಥವರಿಗೆ ದುಬಾರಿ ಲೆನ್ಸ್ ಹಾಕಿಸಿ ಸಾಲ ಮಾಡಬೇಡಿ ಎಂದು ನಾನು ಮುಖಕ್ಕೇ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ಉಚಿತ.

ಹೆಜ್ಜೆ 6: ಹಾಸನವೋ, ಮೈಸೂರೋ, ಬೆಂಗಳೂರೋ, ಘಟ್ಟದ ಕೆಳಗೋ

ಹಿಮ್ಸ್ (ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು) ಬಂದು ದೊಡ್ಡಾಸ್ಪತ್ರೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದ ಮೇಲೆ ಹಾಸನದಲ್ಲೇ ಆಗುವ ಆಪರೇಷನ್ನುಗಳು ಎಷ್ಟೋ. ಜನ ಇನ್ನೂ ಹಳೇ ಧರ್ಮಾಸ್ಪತ್ರೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಗದ್ದಲವಿದೆ, ಸಾಲಿದೆ, ತಾರೀಖಿಗೆ ಕಾಯಬೇಕು, ಇದೆಲ್ಲ ನಿಜ. ಕಾಯಬಹುದಾದ ಕಾಯಿಲೆಯಾದರೆ ಮೂರು ವಾರದ ಕಾಯುವಿಕೆ ಎಷ್ಟು ಸಾವಿರ ಉಳಿಸುತ್ತದೆ ಎಂದೂ ಲೆಕ್ಕ ಹಾಕಿ.

ನೋಟ್‌ಬುಕ್ಕಿಗೆ ಇನ್ನೊಂದು ಕಾಲಂ ಮೆಡಿಕಲ್ ಕಾಲೇಜುಗಳಿಗೆ. ಖಾಸಗಿ ಕಾಲೇಜುಗಳಿಗೆ ಪಾಠಕ್ಕಾಗಿ ರೋಗಿಗಳು ಬೇಕು, ಹಾಗಾಗಿ ಅವರ ಜನರಲ್ ವಾರ್ಡಿನ ದರ ಸಾಮಾನ್ಯವಾಗಿ ಕಡಿಮೆ. ಬೆಳ್ಳೂರು ಕ್ರಾಸ್ ಹತ್ತಿರದ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೆ ಚನ್ನರಾಯಪಟ್ಟಣದ ಕಡೆಯವರು ಹೋಗುವುದು ಇದಕ್ಕೇ. ವಿದ್ಯಾರ್ಥಿಗಳು ಬಂದು ಹತ್ತು ಸಲ ಅದೇ ಪ್ರಶ್ನೆ ಕೇಳುತ್ತಾರೆ, ತಾಳ್ಮೆ ಇಟ್ಟುಕೊಳ್ಳಿ. ಹೃದಯಕ್ಕೆ ಮೈಸೂರು, ಬೆಂಗಳೂರಿನ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ನರಕ್ಕೆ ನಿಮ್ಹಾನ್ಸ್, ಕಣ್ಣಿಗೆ ಮಿಂಟೋ; ಇವೆಲ್ಲ ಸರ್ಕಾರದ ಸಂಸ್ಥೆಗಳು, ಖಾಸಗಿಯ ದರ ಕೇಳುವ ಮುಂಚೆ ಇವುಗಳ ದರ ಕೇಳಬೇಕು.

ದೂರದ ಖರ್ಚನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೈಸೂರು ಇಲ್ಲಿಂದ ಸುಮಾರು 120 ಕಿ.ಮೀ., ಬೆಂಗಳೂರು 185ರ ಹತ್ತಿರ. ಮೈಸೂರಿನಲ್ಲಿ ಮಂಡಿ ಆಪರೇಷನ್ 20,000 ಕಡಿಮೆ ಎಂದು ಇಟ್ಟುಕೊಳ್ಳಿ. ಮಂಡಿ ಮಾಡಿಸಿಕೊಂಡವರನ್ನು ಕೆಂಪು ಬಸ್ಸಿನಲ್ಲಿ ಕರೆತರಲಾಗುವುದಿಲ್ಲ, ಕಾರೇ ಬೇಕು. ಡಿಸ್ಚಾರ್ಜ್ ದಿನ ಒಂದು ಸಲ, ಹೊಲಿಗೆ ಬಿಚ್ಚಲು, ಆರು ವಾರಕ್ಕೆ, ಮೂರು ತಿಂಗಳಿಗೆ. ನಾಲ್ಕು ಸಲ, ಸಲಕ್ಕೆ 3,500 ಹಿಡಿದರೂ 14,000. ಐದು ದಿನ ಜೊತೆಗಿರುವವರ ಲಾಡ್ಜು 5,000. ಊಟ, ಟೀ, ತಪ್ಪಿದ ಕೂಲಿ, ಹಾಲು ಕರೆಯಲು ಬೇರೆಯವರಿಗೆ ಕೊಟ್ಟದ್ದು. ಉಳಿತಾಯ ಅಲ್ಲಿಗೆ ಮುಗಿಯಿತು. ಬದಲಿಗೆ ಪೊರೆ ಆಪರೇಷನ್ ಆದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ದೂರ ಅಷ್ಟು ಭಾರವಲ್ಲ. ಮಂಗಳೂರಿನ ಕಡೆ ಹೋಗುವವರು ತಿಂಗಳು ನೋಡಿ ತಾರೀಖು ಹಾಕಿಸಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಯಾವಾಗ ಮುಚ್ಚುತ್ತದೋ ಹೇಳಲಾಗದು. ಮರುಭೇಟಿಯ ದಿನ ಘಾಟಿ ದಾರಿಯ ದೋಣಿಗಾಲಿನಲ್ಲಿ ನಿಂತರೆ ಡಾಕ್ಟರೇನು ಕಾಯುತ್ತಾರೆಯೇ?

ಹೆಜ್ಜೆ 7: ಅಳತೆಗೋಲು ಒಂದು ಬೇಕು

ಮೂರು ಆಸ್ಪತ್ರೆಯೂ ಹೆಚ್ಚೇ ಹೇಳುತ್ತಿದ್ದರೆ ಗೊತ್ತಾಗುವುದು ಹೇಗೆ? ಆಯುಷ್ಮಾನ್ ಯೋಜನೆಯ ಪ್ಯಾಕೇಜ್ ದರಗಳೂ, ಕೇಂದ್ರ ಸರ್ಕಾರಿ ನೌಕರರಿಗಾಗಿ ಇರುವ ಸಿಜಿಎಚ್‌ಎಸ್ ದರಗಳೂ ಸರ್ಕಾರದ ಜಾಲತಾಣಗಳಲ್ಲಿ ಎಲ್ಲರಿಗೂ ಸಿಗುತ್ತವೆ. ಅದೇ ದರಕ್ಕೆ ನಮಗೂ ಮಾಡಿಕೊಡಿ ಎಂದರೆ ಖಾಸಗಿಯವರು ಒಪ್ಪಲಾರರು, ಒಪ್ಪಬೇಕೆಂದೂ ಇಲ್ಲ. ಆದರೆ ಎಸ್ಟಿಮೇಟ್ ಅದರ ಒಂದೂವರೆ ಪಟ್ಟೋ, ನಾಲ್ಕು ಪಟ್ಟೋ ಎಂದು ತಿಳಿದರೆ ಮಾತಾಡುವ ದನಿಯೇ ಬದಲಾಗುತ್ತದೆ.

ಹೆಜ್ಜೆ 8: ಕಡಿಮೆ ದರ, ಯಾರ ಕೈ?

ದುಬಾರಿ ಎಂದರೆ ಒಳ್ಳೆಯದು ಎಂಬ ನಂಬಿಕೆ ನನಗಿಲ್ಲ, ಅಗ್ಗ ಎಂದರೆ ಜಾಣತನ ಎಂಬುದೂ ಇಲ್ಲ. ಈ ಆಪರೇಷನ್ನನ್ನು ನೀವು ತಿಂಗಳಿಗೆ ಎಷ್ಟು ಮಾಡುತ್ತೀರಿ ಎಂದು ಸರ್ಜನನ್ನು ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಹೊರಗಿನಿಂದ ಬರುವ ಸರ್ಜನ್ ಆದರೆ, ರಾತ್ರಿ ಏನಾದರೂ ಆದರೆ ನೋಡುವವರು ಯಾರು? ಐಸಿಯು ಅದೇ ಕಟ್ಟಡದಲ್ಲಿದೆಯೋ, ರಕ್ತ ಎಲ್ಲಿಂದ ತರಬೇಕು? ಸಕ್ಕರೆ, ಹೃದಯದ ತೊಂದರೆ ಇರುವ ವಯಸ್ಸಾದವರಿಗೆ ಈ ಸಾಲುಗಳು ದರದ ಸಾಲಿಗಿಂತ ಮೇಲೆ ಬರಬೇಕು. ಹತ್ತು ಸಾವಿರ ಹೆಚ್ಚು ಕೊಟ್ಟರೂ ಪರವಾಗಿಲ್ಲ. ಆಪರೇಷನ್ ಬೇಕೇ ಬೇಕಾ ಎಂದು ಇನ್ನೊಬ್ಬ ಡಾಕ್ಟರನ್ನು ಕೇಳುವುದಕ್ಕೆ ಆಗುವ ಖರ್ಚು ಕೆಲವು ನೂರು ರೂಪಾಯಿ. ಗರ್ಭಕೋಶ ತೆಗೆಸಿ ಎಂದಾಗಲಂತೂ ಇದನ್ನು ಬಿಡಲೇಬೇಡಿ.

ತಪಾಸಣೆ ಪ್ಯಾಕೇಜುಗಳ ಬಗ್ಗೆ ಒಂದು ಮಾತು. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ಟಿವಿಯಲ್ಲಿ ಓಡುತ್ತಿದ್ದಾಗ ಜನ ಬೆಳಗಿನ ಜಾವಕ್ಕೇ ಮೈಸೂರಿನ ಜಯದೇವದ ಮುಂದೆ ನಿಂತರು. ಆಮೇಲೆ ತಜ್ಞರ ಸಮಿತಿ ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಹೆದರಿಕೆಯಲ್ಲಿ ಕೊಂಡ ಪರೀಕ್ಷೆಗೆ ದರ ಹೋಲಿಸುವವರು ಯಾರೂ ಇರುವುದಿಲ್ಲ.

ಹೆಜ್ಜೆ 9: ಅಡ್ಮಿಟ್ ಆದ ಮೇಲೆ

ದಿನಾ ಸಂಜೆ ಆ ದಿನದವರೆಗಿನ ಬಿಲ್ ಕೇಳಿ. ಕೊನೆಯ ದಿನ ಹನ್ನೆರಡು ಪುಟದ ಬಿಲ್ಲಿನ ಜೊತೆ ಜಗಳವಾಡುವುದಕ್ಕಿಂತ ದಿನಕ್ಕೆ ಎರಡು ಪುಟ ಓದುವುದು ಸುಲಭ. ಫಾರ್ಮಸಿಯಿಂದ ತಂದ ಗ್ಲೌಸು, ಸಿರಿಂಜು, ಐವಿ ಸೆಟ್ಟುಗಳಲ್ಲಿ ಬಳಸದೆ ಉಳಿದದ್ದನ್ನು ಎಣಿಸಿ ವಾಪಸ್ ಕೊಡಿ. ನಮ್ಮವ್ವನ ಮಂಚದ ಪಕ್ಕದ ಡ್ರಾಯರಿನಲ್ಲಿ ಮುಚ್ಚಳ ತೆಗೆಯದ ನಾಲ್ಕು ಇಂಜೆಕ್ಷನ್ ಉಳಿದಿದ್ದವು. ಅದನ್ನು ಕೊಟ್ಟಿದ್ದಕ್ಕೇ 1,100 ವಾಪಸ್ ಬಂತು, ಮೇಲಿನ 9,850 ಅದನ್ನು ಕಳೆದ ಮೇಲಿನದು. ಮನೆಗೆ ಬಂದ ಮೇಲಿನ ಮಾತ್ರೆಗಳನ್ನು ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳಬೇಕೆಂದಿಲ್ಲ. ಔಷಧದ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಬಿಲ್ ಎಸ್ಟಿಮೇಟಿಗಿಂತ ತೀರಾ ಮೇಲೆ ಹೋದರೆ ಮೊದಲು ಆಸ್ಪತ್ರೆಯ ಆಡಳಿತದವರ ಹತ್ತಿರ ಸೀಲ್ ಹಾಕಿದ ಎಸ್ಟಿಮೇಟ್ ಇಟ್ಟು ಮಾತಾಡಿ. ಬಗೆಹರಿಯದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಅರ್ಜಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಬಹುದು. ಬಿಲ್ ಬಾಕಿ ಇದೆ ಎಂದು ಮೃತದೇಹ ಕೊಡದೆ ತಡೆಯುವುದನ್ನು ಕಾಯ್ದೆ ಒಪ್ಪುವುದಿಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವವರು ಮೂಲ ಬಿಲ್ಲುಗಳನ್ನು ಯಾರ ಕೈಗೂ ಕೊಡುವ ಮುಂಚೆ ಎರಡೆರಡು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಇದನ್ನು ನನ್ನ ವ್ಯಾಪಾರಕ್ಕಾಗಿ ಹೇಳುತ್ತಿಲ್ಲ, ಬೇಕಾದರೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಕಿಡ್ನಿ ಕಲ್ಲಿನವರಿಗೆ ಇನ್ನೊಂದಿದೆ. ಆಪರೇಷನ್ ಆದ ಮೇಲೆ ಮೂತ್ರನಾಳದಲ್ಲಿ 'ಡಿಜೆ ಸ್ಟೆಂಟ್' ಎಂಬ ನಳಿಕೆ ಬಿಟ್ಟಿರುತ್ತಾರೆ. ಕೆಲವು ವಾರಕ್ಕೆ ಅದನ್ನು ತೆಗೆಸಲೇಬೇಕು, ಒಳಗೇ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ತೆಗೆಯುವ ಶುಲ್ಕ ಹಲವು ಪ್ಯಾಕೇಜುಗಳಲ್ಲಿ ಸೇರಿರುವುದಿಲ್ಲ, ಎಸ್ಟಿಮೇಟ್ ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಬರೆದುಕೊಳ್ಳಿ. ಚಿಕ್ಕಪ್ಪನಿಗೆ ಆ ತಾರೀಖು ಬಂದದ್ದು ಶುಂಠಿ ಕೀಳುವ ವಾರ. "ನೋವಿಲ್ಲ ಬಿಡು, ಆಮೇಲೆ ನೋಡೋಣ" ಎಂದರು. ಚಿಕ್ಕಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 2,500 ಎಂದು ಬರೆದು, ಆ ದುಡ್ಡನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರು.